ಮೊದಲು ಹುಳಿ, ಆಮೇಲೆ ಸೋಪು

ಸೋಮವಾರ, ಹದಿನಾಲ್ಕನೇ ತಾರೀಕು
ಬೆಳಿಗ್ಗೆ ಹತ್ತೂವರೆ

ಮೂರು ವರ್ಷದಿಂದ ತಂಗಿಯ ಮನೆಯಲ್ಲಿ ಠಿಕಾಣಿ ಹೂಡಿರುವ ನನ್ನ ಯಜಮಾನರಿಗೆ,

ಅಕ್ಷರ ನೋಡಿದೊಡನೆ ಯಾರದೆಂದು ಗೊತ್ತಾಗಿರುತ್ತದೆ. ಓದದೆ ಮಡಚಿ ಮೇಜಿನ ಖಾನೆಗೆ ಸೇರಿಸುವ ಮೊದಲು ಒಂದು ಮಾತು. ಇದರಲ್ಲಿ ಗೋಳು ಇಲ್ಲ, ಉಪದೇಶವಂತೂ ಇಲ್ಲವೇ ಇಲ್ಲ. ನಾನು ಗೆದ್ದಿದ್ದೇನೆ. ಗೆದ್ದ ಸುದ್ದಿಯನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ ಎಂಬುದು ನಿಮಗೆ ಗೊತ್ತು. ನಿನ್ನೆಯಿಂದ ಯೋಚಿಸಿದೆ; ನಿಮ್ಮನ್ನು ಬಿಟ್ಟರೆ ಹೇಳಲು ಇನ್ನಾರೂ ಸರಿಹೋಗಲಿಲ್ಲ.

ನಿನ್ನೆ ಭಾನುವಾರ ನಮ್ಮ ಪ್ರಾರ್ಥನಾ ಮಂದಿರಕ್ಕೆ ಐವತ್ತು ವರ್ಷ ತುಂಬಿತು. ಮೈಕಿನ ಮುಂದೆ ಕೂತು ಮುನ್ನೂರು ಜನಕ್ಕೆ ಹಾಡು ಹೇಳಿಕೊಟ್ಟವಳು ಮೀನು ಶೆಡ್ಡಿನಲ್ಲಿ ಕೆಲಸ ಮಾಡುವ ಚೂರಿಯಕ್ಕ. ಅವಳ ಬೆನ್ನಿಗೆ, ಮೊದಲನೇ ಸಾಲಿನಲ್ಲಿ, ಅದೇ ಶೆಡ್ಡಿನ ಐದು ಜನ ಹೆಂಗಸರು. ಇಷ್ಟಾಗಲು ಐದು ತಿಂಗಳು ಹಿಡಿಯಿತು. ನಾನು ಹಿಡಿದಿದ್ದ ವ್ರತ ಮುರಿಯಿತು. ನೀವು ಎಂದೋ ಆಡಿದ ಒಂದು ಮಾತು ನೆನಪಿಗೆ ಬರಬೇಕಾಯಿತು. ಆದ್ದರಿಂದ ಗೆಲುವಿನಲ್ಲಿ ನಿಮಗೂ ಪಾಲಿದೆ, ಬೇಡವೆಂದರೂ ಕೊಡುತ್ತೇನೆ.

ನೀವು ಹೋದ ದಿನದಿಂದಲೇ ಶುರುಮಾಡುತ್ತೇನೆ. ಅದು ನಿಮ್ಮ ಮನಸ್ಸಿನಲ್ಲಿ ಒಂದು ಥರ, ನನ್ನ ಮನಸ್ಸಿನಲ್ಲಿ ಇನ್ನೊಂದು ಥರ ಉಳಿದಿರಬಹುದು. ನನ್ನ ನಿವೃತ್ತಿಯ ದಿನ. ಮೂವತ್ತೊಂದು ವರ್ಷ ಒಂದೇ ಕಾರ್ಖಾನೆಯಲ್ಲಿ ನೀವು ಕೆಳಗೆ ಬಾಣಲೆಯ ಪಕ್ಕ ನಿಂತು ಸೋಪು ಕುದಿಸಿದಿರಿ, ನಾನು ಮೇಲಿನ ಮಹಡಿಯ ವಾಸನೆ ಕೋಣೆಯಲ್ಲಿ ಕೂತು ಅದಕ್ಕೆ ಪರಿಮಳ ಆರಿಸಿದೆ. ಅವತ್ತು ಸಂಜೆ ನೀವು ಒಂದು ಪುಟ್ಟ ಸುಗಂಧದ ಸೀಸೆ ತಂದು ನನ್ನ ತಟ್ಟೆಯ ಪಕ್ಕ ಇಟ್ಟಿರಿ. ನಾನು ಮುಚ್ಚಳವನ್ನೂ ತೆಗೆಯದೆ ಅದನ್ನು ನಿಮ್ಮ ಕಡೆಗೆ ಸರಿಸಿ, ಸೀಸೆ ಮುಟ್ಟಿದ ಬೆರಳನ್ನು ಬಟ್ಟೆಗೆ ಒರೆಸಿಕೊಂಡೆ. ನೀವು ಸಿಟ್ಟಾಗಲಿಲ್ಲ. ಎಂಟು ದಿನ ತಂಗಿಯ ಮನೆಗೆ ಹೋಗಿಬರುತ್ತೇನೆ ಎಂದಿರಿ. ಆ ಎಂಟು ದಿನ ಇನ್ನೂ ಮುಗಿದಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು ನೀವು ಆಡಿದ ಮಾತು ನನಗೆ ಬಾಯಿಪಾಠವಾಗಿದೆ. “ದೇವರ ಜೊತೆ ನಂದೇನೂ ತಕರಾರಿಲ್ಲ ಕಣೆ. ಅವನು ದೇವರ ಮನೇಲಿ ಇರ್ಲಿ, ಹಾಲ್‌ನಲ್ಲೂ ಇರ್ಲಿ. ಅಡುಗೆಮನೆಗೆ ಬಂದು ಈರುಳ್ಳಿ ಹುರೀಬೇಡ ಅಂತಾನೆ, ರೇಡಿಯೋ ಹಾಕಬೇಡ ಅಂತಾನೆ, ನಾನು ಎಲ್ಲಿಗೆ ಹೋಗ್ಲಿ?” ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಇರುವುದೇ ದೊಡ್ಡತನ ಎಂದು ಆಗ ತಿಳಿದಿದ್ದೆ.

ಅತ್ತೆ ಹಾಸಿಗೆ ಹಿಡಿದಿದ್ದಾಗ ಶುರುವಾದ ವ್ರತ ಅದು. ಮೊದಲು ಮೂಗಿನ ಕೆಳಗೆ ನೆಗಡಿ ಮುಲಾಮು ಹಚ್ಚಿಕೊಂಡೆ, ಯಾವ ಪರಿಮಳವೂ ತಾಗದಿರಲಿ ಎಂದು; ನಿವೃತ್ತಿಯವರೆಗೆ ಕೆಲಸದ ಹೊತ್ತಿನಲ್ಲಿ ಮಾತ್ರ ಒರೆಸಿಕೊಳ್ಳುತ್ತಿದ್ದೆ. ಆಮೇಲೆ ಪರಿಮಳದ ಸೋಪು ಬಿಟ್ಟೆ, ತಲೆಗೆ ಎಣ್ಣೆ ಬಿಟ್ಟೆ, ರೇಡಿಯೋ ಬಿಟ್ಟೆ, ನಿಮ್ಮ ಹಾಸಿಗೆಯಿಂದ ನನ್ನ ಹಾಸಿಗೆಯನ್ನು ಪಕ್ಕದ ಕೋಣೆಗೆ ಒಯ್ದೆ. ಒಂದೊಂದು ಬಿಟ್ಟಾಗಲೂ ಮಂದಿರದಲ್ಲಿ ನನ್ನ ಜಾಗ ಒಂದೊಂದು ಸಾಲು ಮುಂದೆ ಬಂತು. ಕಾರ್ಖಾನೆಯ ಮೂಗು ಎಂದು ಹೆಸರಾದವಳು ಮೂಗನ್ನೇ ದೇವರಿಗೆ ಕೊಟ್ಟಳಂತೆ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಹೊಗಳಿಕೆ ಬಲು ರುಚಿಯಾದ ಪದಾರ್ಥ. ಅದನ್ನು ಬಿಡುವ ವ್ರತವನ್ನು ಮಾತ್ರ ನಾನು ಹಿಡಿದಿರಲಿಲ್ಲ.

ಇನ್ನು ಚೂರಿಯಕ್ಕನ ವಿಷಯ. ಬಂದರಿನ ಶೆಡ್ಡಿನಲ್ಲಿ ಮೀನು ಸೀಳಿ, ಒಳಗಿನದನ್ನು ತೆಗೆದು, ಡಬ್ಬಿ ಕಾರ್ಖಾನೆಗೆ ಕಳಿಸುವ ಕೆಲಸ ಅವಳದು. ನಿಮಿಷಕ್ಕೆ ಎಂಟು ಹತ್ತು ಮೀನು ಸೀಳುತ್ತಾಳಂತೆ, ಅದಕ್ಕೇ ಆ ಹೆಸರು. ಐವತ್ತರ ಆಸುಪಾಸು, ನನಗಿಂತ ಒಂದು ಗೇಣು ಎತ್ತರ, ನಡೆದರೆ ನೆಲ ಅಲ್ಲಾಡಬೇಕು. ವರ್ಷದಿಂದ ಅವಳೂ ಅವಳ ಜೊತೆಯವರೂ ಭಾನುವಾರ ಮಂದಿರಕ್ಕೆ ಬರುತ್ತಿದ್ದರು. ಕೂರುತ್ತಿದ್ದುದು ಹಿಂದಿನ ಬಾಗಿಲ ಹತ್ತಿರ, ಚಪ್ಪಲಿ ಗೂಡಿನ ಪಕ್ಕ ಹಾಸಿದ ಒಂದು ಹರಕು ಚಾಪೆಯ ಮೇಲೆ. ನನಗೆ ಅದು ಗೊತ್ತೇ ಇರಲಿಲ್ಲ. ನಾನು ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ, ಮೂಗಿಗೆ ಮುಲಾಮು ಮೆತ್ತಿ ಕೂತವಳು.

ಕಿವಿಗೆ ಮಾತ್ರ ಏನೂ ಹಚ್ಚಿಕೊಂಡಿರಲಿಲ್ಲವಲ್ಲ, ಅಲ್ಲಿಂದ ಅವಳು ಒಳಗೆ ಬಂದಳು. ನಮಗೆ ಹಾಡು ಹೇಳಿಕೊಡುತ್ತಿದ್ದ ತಾತನಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಹೋಯಿತು. ಒಂದು ಭಾನುವಾರ ಯಾರೂ ಎತ್ತಿಕೊಡುವವರಿಲ್ಲದೆ ಹಾಡು ನಡುವೆಯೇ ಸೊರಗಿತು. ಆಗ ಹಿಂದಿನಿಂದ ಒಂದು ದನಿ ಎದ್ದು, ಇಡೀ ಸಭೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಕೊನೆಯ ಸಾಲಿನವರೆಗೆ ಸಲೀಸಾಗಿ ತಂದು ಬಿಟ್ಟಿತು. ಮುಗಿದ ಮೇಲೆ ಹಿಂದೆ ಹೋಗಿ ಕೇಳಿದೆ, ಇಷ್ಟು ಚೆನ್ನಾಗಿ ಹಾಡುವವರು ಇಲ್ಲಿ ಚಪ್ಪಲಿ ಕಾಯುತ್ತಾ ಯಾಕೆ ಕೂತಿದ್ದೀರಿ, ಐವತ್ತನೇ ವರ್ಷದ ಪ್ರಾರ್ಥನೆಗೆ ಗುರುಗಳು ಹಾಡುವವರನ್ನು ಹುಡುಕುತ್ತಿದ್ದಾರೆ, ಬನ್ನಿ ಮುಂದೆ ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಮ್ಮಾರೇ, ನಿಮಗೆ ಮೂಗಿಲ್ವಾ? ನಾವು ಮುಂದೆ ಬಂದ್ರೆ ಅಲ್ಲಿರೋರು ಎದ್ದು ಹೋಗ್ತಾರೆ. ಮೊದಲನೇ ವಾರಾನೇ ನೋಡಿದ್ವಿ” ಎಂದಳು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದಳು. ಅವಳ ತಾಯಿ ತಮ್ಮ ಊರಿನ ಮಂದಿರದಲ್ಲಿ ಇಪ್ಪತ್ತು ವರ್ಷ ಹಾಡು ಹೇಳಿಕೊಟ್ಟವಳಂತೆ. ಸಾಯುವ ಮುಂಚೆ ಅಷ್ಟೂ ಹಾಡನ್ನು ಇವಳ ಬಾಯಿಗೆ ಹಾಕಿ, ಎಲ್ಲಾದರೂ ಒಂದು ಸಲ ಮುಂದೆ ಕೂತು ಹೇಳು ಎಂದಿದ್ದಳಂತೆ. “ಆಸೆ ಇಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ, ಇದೆ” ಎಂದಳು.

ನನ್ನ ಬಾಯಿ ನಿಮಗೆ ಗೊತ್ತಲ್ಲ. ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವಳು ನಾನು, ನಿಮ್ಮ ಕೈಯ ವಾಸನೆಯನ್ನು ನನಗೆ ಬಿಡಿ ಎಂದುಬಿಟ್ಟೆ. ಮನೆಗೆ ಬಂದು ನಿಮ್ಮ ಹಳೆಯ ಬಕೆಟ್ಟು, ಮರದ ಸೌಟು ಹುಡುಕಿ ತೆಗೆದು ಸೋಪು ಮಾಡಿದೆ. ವಾಸನೆ ಹೋಗಬೇಕಾದರೆ ಸೋಪು ಚುರುಕಾಗಿರಬೇಕು ಎಂದು ಸೋಡಾ ಧಾರಾಳವಾಗಿ ಸುರಿದೆ. ಆರು ಜನಕ್ಕೂ ಹಂಚಿ, ಕುದಿಯುವಷ್ಟು ಬಿಸಿನೀರಿನಲ್ಲಿ ದಿನಕ್ಕೆ ಮೂರು ಸಲ ತಿಕ್ಕಿ ತೊಳೆಯಿರಿ ಎಂದು ಅಪ್ಪಣೆ ಮಾಡಿದೆ. ಮುಂದಿನ ಭಾನುವಾರ ಮಂದಿರದ ಗೇಟಿನ ಹತ್ತಿರ ಒಬ್ಬೊಬ್ಬರ ಕೈ ಹಿಡಿದು ಮೂಸಿ ನೋಡಿದೆ. ಒಂಚೂರೂ ವಾಸನೆಯಿಲ್ಲ, ನಡೆಯಿರಿ ಮುಂದೆ ಎಂದೆ.

ಮುಲಾಮು ಹಚ್ಚಿದ ಮೂಗಿನಲ್ಲಿ ಮೂಸಿದ್ದೆ. ನಗಬೇಡಿ. ನಾಲ್ಕು ವರ್ಷದಲ್ಲಿ ಅದು ನನ್ನ ಮುಖದ ಚರ್ಮವೇ ಆಗಿಹೋಗಿತ್ತು, ಹಚ್ಚಿದ್ದೇನೆ ಎಂಬ ನೆನಪೂ ಇರಲಿಲ್ಲ. ಆ ಮೂಗಿಗೆ ಗುಲಾಬಿಯೂ ಒಂದೇ, ಗಟಾರವೂ ಒಂದೇ. ಅಂಥ ಮೂಗು ಹೇಳಿದ್ದನ್ನು ನಂಬಿ ಆರು ಜನ ಹೆಂಗಸರು ಇದ್ದುದರಲ್ಲೇ ಒಳ್ಳೆಯ ಬಟ್ಟೆ ಉಟ್ಟು, ತಲೆ ಎತ್ತಿ, ನಡುಹಾದಿಯಲ್ಲಿ ನಡೆದುಹೋಗಿ ಮೊದಲ ಸಾಲಿನಲ್ಲಿ ಕೂತರು.

ಮೊದಲು ಹೆಡ್‌ಮಿಸ್ ಎದ್ದರು. ನಿವೃತ್ತ ಮುಖ್ಯೋಪಾಧ್ಯಾಯಿನಿ, ಮೊದಲ ಸಾಲಿನ ಯಜಮಾನಿಕೆ ಅವರದೇ. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಮೂರನೇ ಸಾಲಿಗೆ ಹೋದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಯಾರೋ ಕಿಟಕಿಗಳನ್ನು ಒಂದೊಂದಾಗಿ ತೆರೆದರು. ಆ ಕಿಟಕಿ ತೆರೆಯುವ ಸದ್ದು ಇದೆಯಲ್ಲ, ಅದು ಮಾತಿಗಿಂತ ಕಡೆ. ಇಡೀ ಸಾಲಿನಲ್ಲಿ ಆ ಆರು ಜನ ಮತ್ತು ನಾನು ಉಳಿದೆವು. ಚೂರಿಯಕ್ಕ ನನ್ನ ಮುಖ ನೋಡಿದಳು. ನೀನೇ ತಾನೆ ಹೇಳಿದ್ದು ಎಂದು ಕೇಳುವಂಥ ನೋಟ. ಆಮೇಲೆ ಎದ್ದು, ನಡುಹಾದಿಯಲ್ಲೇ ವಾಪಸು ನಡೆದು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಉಳಿದ ಐವರೂ ಹೊರಟರು. ಮರುವಾರ ಅವರಲ್ಲಿ ಒಬ್ಬರೂ ಮಂದಿರದ ಕಡೆ ಸುಳಿಯಲಿಲ್ಲ.

ಅವತ್ತು ಮನೆಗೆ ಬಂದವಳು ಬಚ್ಚಲಲ್ಲಿ ಮುಖವನ್ನು ಉರಿಯುವಂತೆ ತಿಕ್ಕಿ ಮುಲಾಮು ತೊಳೆದೆ. ಸಂಜೆಯ ಹೊತ್ತಿಗೆ ಮೂಗು ತೆರೆಯಿತು. ಎದ್ದು ಕೋಣೆ ಕೋಣೆ ಸುತ್ತಿದೆ. ನಮ್ಮ ಮನೆಯಲ್ಲಿ ಯಾವ ವಾಸನೆಯೂ ಇರಲಿಲ್ಲರೀ. ಅಡುಗೆಯದಿಲ್ಲ, ಬಟ್ಟೆಯದಿಲ್ಲ, ಮನುಷ್ಯರದಿಲ್ಲ. ನಿಮ್ಮ ಬೀರು ತೆರೆದು ಒಂದು ಹಳೆಯ ಅಂಗಿಯನ್ನು ಮುಖಕ್ಕೆ ಹಿಡಿದೆ, ಅದರಲ್ಲೂ ಬರೀ ಧೂಳು. ಆಗ ನನಗೆ ಅಳು ಬಂತು. ತುಂಬಾ ಹೊತ್ತು ಅತ್ತುಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ಗುರುಗಳ ಹತ್ತಿರ ಹೋಗಿ ಜಗಳವಾಡಿದೆ. ಎದ್ದು ಹೋದವರನ್ನು ನೀವು ಯಾಕೆ ತಡೆಯಲಿಲ್ಲ ಎಂದು ಕೇಳಿದೆ. ಅವರು, “ತಪ್ಪಾಯ್ತಮ್ಮ. ನಾನು ಎದ್ದು ಹೋಗಿ ಅವರ ಪಕ್ಕ ಕೂರಬೇಕಿತ್ತು. ಹೊಳೀಲಿಲ್ಲ” ಎಂದರು. ಮುಂದಿನ ವಾರದಿಂದ ತಮ್ಮ ಆಸನವನ್ನು ಆ ಹರಕು ಚಾಪೆಗೆ ಬದಲಾಯಿಸಿ, ಚಪ್ಪಲಿಗಳ ಪಕ್ಕದಿಂದಲೇ ಪ್ರಾರ್ಥನೆ ನಡೆಸಿದರು. ಹೆಡ್‌ಮಿಸ್ ಮೊದಲಾದವರು ಕತ್ತು ಹೊರಳಿಸಿ ಹೊರಳಿಸಿ ಕೂರಬೇಕಾಯಿತು. ಗುರುಗಳ ಮೇಲೆ ನನಗಿದ್ದ ಗೌರವ ಅವತ್ತು ನಿಜವಾದ ಗೌರವವಾಯಿತು.

ನಾನು ಶೆಡ್ಡಿಗೆ ಹೋದೆ. ಬೆಳಗಿನ ಪಾಳಿ, ಆರೂವರೆ. ಸಿಮೆಂಟಿನ ಉದ್ದ ಕಟ್ಟೆ, ಎರಡೂ ಕಡೆ ರಬ್ಬರು ಬೂಟಿನ ಹೆಂಗಸರು, ಕಾಲ ಕೆಳಗೆ ಹರಿಯುವ ನೀರು. ಬರಿಯ ಮೂಗಿನಲ್ಲಿ ಬಾಗಿಲು ದಾಟಿದೆ. ಆ ವಾಸನೆ ಎದುರಿಗೆ ಬಂದು ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿತು, ಕಣ್ಣಲ್ಲಿ ನೀರು ಬಂತು. ಚೂರಿಯಕ್ಕನ ಮುಂದೆ ನಿಂತು, ಮುಲಾಮಿನ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿ, ಕ್ಷಮಿಸಿ ಎಂದೆ. ನಾನು ನಿಮ್ಮ ಜೊತೆ ಹಿಂದಿನ ಚಾಪೆಯಲ್ಲೇ ಕೂರುತ್ತೇನೆ, ವಾಪಸು ಬನ್ನಿ ಎಂದೂ ಹೇಳಿದೆ. ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ. “ನೀವು ಹಿಂದೆ ಬಂದ್ರೆ ನಮಗೇನು ಸಿಕ್ಕಿತು? ನಾವು ಮುಂದೆ ಬರಬೇಕು” ಎಂದಳು. ಆಮೇಲೆ ಒಂದು ಚೂರಿಯನ್ನು ನನ್ನ ಕಡೆ ತಳ್ಳಿ, “ಮೊದಲು ಇದಕ್ಕೆ ಕೈ ಹಾಕಿ. ಮಾತು ಆಮೇಲೆ” ಎಂದಳು.

ಅವತ್ತು ಮಧ್ಯಾಹ್ನದವರೆಗೆ ಮೀನು ತೊಳೆದೆ. ಸೀಳಲು ನನ್ನಿಂದಾಗಲಿಲ್ಲ, ಮೂರನೆಯದಕ್ಕೇ ಬೆರಳು ಕೊಯ್ದುಕೊಂಡೆ, ಆ ಆರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾಂತಿಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಆ ಒಂದೇ ವಾಸನೆಯೊಳಗೆ ಹತ್ತಾರು ವಾಸನೆಗಳು ಬಿಡಿಸಿಕೊಂಡವು: ಉಪ್ಪು, ಕಬ್ಬಿಣ, ಐಸು, ಒದ್ದೆ ರಬ್ಬರು, ಅದರ ನಡುವೆ ಯಾರೋ ಬುತ್ತಿಯಲ್ಲಿ ತಂದಿದ್ದ ಬ್ರೆಡ್ಡು. ಮೂಗು ಕೆಲಸಕ್ಕೆ ಹಿಂತಿರುಗಿದ ಸಂತೋಷ ಆ ಜಾಗದಲ್ಲಿ ಆಯಿತೆಂದರೆ ಬೇರೆ ಯಾರೂ ನಂಬಲಾರರು.

ಪಾಳಿ ಮುಗಿದು ಎಲ್ಲರೂ ಹೊರಗಿನ ನಲ್ಲಿಗೆ ಹೋದರು. ಬಿಸಿನೀರು, ಪಕ್ಕದಲ್ಲಿ ಸೋಡಾ ಪುಡಿಯ ಡಬ್ಬ. ಶೆಡ್ಡಿನ ನಿಯಮ ಅದು. ನಾನೂ ತಿಕ್ಕಿದೆ. ತಿಕ್ಕಿದ ಕೈ ಮೂಸಿದರೆ, ತೊಳೆಯುವ ಮುಂಚೆ ಇದ್ದುದರ ಎರಡರಷ್ಟು ವಾಸನೆ. ಮತ್ತೆ ತಿಕ್ಕಿದೆ, ಇನ್ನಷ್ಟು. ಅಲ್ಲೇ ನಲ್ಲಿಯ ಮುಂದೆ ನಿಂತವಳಿಗೆ ನಿಮ್ಮ ದನಿ ಕೇಳಿಸಿತು. ನೀವು ಗೆಳೆಯರ ಜೊತೆ ಗಾಳ ಹಾಕಲು ಹೋಗಿ, ಹಿಡಿದ ಮೀನನ್ನು ನೀವೇ ಶುಚಿ ಮಾಡಿದ ದಿನ ನೆನಪಿದೆಯೇ? ಮೂರು ಸಲ ಸೋಪು ಹಾಕಿ ಕೈ ತೊಳೆದು ಒಳಗೆ ಬನ್ನಿ ಎಂದು ನಾನು ಕೂಗಾಡಿದ್ದೆ. ನೀವು, “ಬಾಣಲೆ ಹತ್ರ ನಿಂತೋನು ನಾನು, ನನಗೆ ಹೇಳ್ತೀಯಾ? ಸೋಪಲ್ಲಿ ಇರೋದು ಕ್ಷಾರ. ಸೋಪು ಹಾಕಿದಷ್ಟೂ ಮೀನು ಎದ್ದು ಕೂರುತ್ತೆ. ಮೊದಲು ಹುಳಿ, ಆಮೇಲೆ ಸೋಪು” ಎಂದು ನಿಂಬೆಹಣ್ಣು ಕೇಳಿದ್ದಿರಿ. ನಾನು ಹಣ್ಣು ಕೊಡದೆ ಬೈದು ಕಳಿಸಿದ್ದೆ. ಇಪ್ಪತ್ತು ವರ್ಷದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ, ನೀವು ಹೇಳಿದ್ದು ಸರಿ.

ಆಮೇಲಿನದು ಸುಲಭವಾಯಿತು ಎನ್ನಲಾರೆ, ದಾರಿಯಂತೂ ಕಂಡಿತು. ತಣ್ಣೀರು, ನಿಂಬೆರಸ ಬೆರೆಸಿದ ವಿನೆಗರು, ಉಗುರಿನ ಸಂದಿಗೆ ಒಂದು ಮೆತ್ತನೆಯ ಬ್ರಷ್ಷು, ಕೂದಲಿಗೂ ಅದೇ ಹುಳಿನೀರು, ಎಲ್ಲ ಆದ ಮೇಲೆ ಕ್ಷಾರ ಕಡಿಮೆಯಿರುವ ಮೆದುವಾದ ಸೋಪು. ಶೆಡ್ಡಿನ ಮೇಸ್ತ್ರಿಯನ್ನು ಕಾಡಿ ನಲ್ಲಿಯ ಪಕ್ಕ ಹುಳಿನೀರಿನ ಪೀಪಾಯಿ ಇಡಿಸಿದೆ. ಎರಡು ತಿಂಗಳಲ್ಲಿ ನನ್ನ ಬರಿಯ ಮೂಗಿಗೇ ಅವರ ಕೈಯಲ್ಲಿ ಮೀನು ಸಿಗದಂತಾಯಿತು. ಬಿಳಿಯ ಸೋಪಿನ ಬಿಲ್ಲೆಗಳನ್ನು ಚೂರಿಯಕ್ಕನ ಮುಂದೆ ಇಟ್ಟು, ನೋಡಿ, ಯಾವ ವಾಸನೆಯೂ ಇಲ್ಲ, ನಿರ್ಮಲ, ದೇವರ ಮುಂದೆ ಕೂರಲು ಇದೇ ಸರಿ ಎಂದು ಬೀಗಿದೆ.

ಚೂರಿಯಕ್ಕ ಒಂದು ಬಿಲ್ಲೆಯನ್ನು ಮೂಸಿ ಕೆಳಗಿಟ್ಟಳು. “ಪರಿಮಳ ಎಲ್ಲಿ?” ಎಂದು ಕೇಳಿದಳು. ನಾನು ಪರಿಮಳವನ್ನು ಬಿಟ್ಟವಳು ಎಂದೆ. ಆಗ ಅವಳು ಹೇಳಿದ್ದನ್ನು ನಾನು ಹಾಗೆಯೇ ಬರೆಯುತ್ತೇನೆ, ಒಂದಕ್ಷರವೂ ನನ್ನದಲ್ಲ. “ನೀವು ಬಿಟ್ರಿ, ಸರಿ. ನಿಮ್ಮ ಹತ್ರ ಇತ್ತು, ಬಿಟ್ರಿ. ನಮ್ಮ ಹತ್ರ ಯಾವಾಗ ಇತ್ತು? ಬಿಡೋಕಾದ್ರೂ ಒಂದು ಸಲ ಕೈಗೆ ಸಿಗಬೇಕಲ್ವಾ ಅಮ್ಮಾರೇ. ವಾಸನೆ ಹೋಯ್ತು ಅಂದ್ರೆ ನಾವು ಅಲ್ಲಿದ್ದೀವಿ ಅಂತಾನೇ ಯಾರಿಗೂ ಗೊತ್ತಾಗಲ್ಲ ಅಷ್ಟೇ. ನಾವು ಕೂತ್ರೆ ಪಕ್ಕದೋರು ತಿರುಗಿ ನೋಡಬೇಕು.”

ಮಾರನೆಯ ಬೆಳಗಿನ ಪ್ರಾರ್ಥನೆಯಲ್ಲಿ ದೇವರ ಮುಂದೆ ಕೂತು ನೇರವಾಗಿ ಕೇಳಿದೆ. ಇಷ್ಟು ವರ್ಷ ನನ್ನ ಮೂಗನ್ನು ನಿನ್ನ ಹೆಸರಿನಲ್ಲಿ ಕಟ್ಟಿಟ್ಟೆ, ಅದರಿಂದ ನಿನಗೇನು ಬಂತು, ಯಾರಿಗೇನು ಬಂತು, ಈಗ ಆರು ಜನ ಕೇಳುತ್ತಿದ್ದಾರೆ, ಬಿಚ್ಚಲೇ ಎಂದೆ. ಅವನು ಎಂದಿನಂತೆ ಮಾತಾಡಲಿಲ್ಲ. ಆದರೆ ನನ್ನ ಮನಸ್ಸು ಎಷ್ಟು ಹಗುರವಾಯಿತೆಂದರೆ, ಅನುಮತಿ ಕೇಳುವ ಮೊದಲೇ ಸಿಕ್ಕಿತ್ತೇನೋ ಅನ್ನಿಸಿತು. ಎದ್ದು ಸೀದಾ ಅಟ್ಟ ಹತ್ತಿದೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ನನ್ನ ಸುಗಂಧದ ಸೀಸೆಗಳನ್ನೆಲ್ಲ ಗಟಾರಕ್ಕೆ ಸುರಿದೆ ಎಂದು ನಿಮಗೆ ಹೇಳಿದ್ದೆ. ಸುರಿದದ್ದು ಹನ್ನೊಂದು. ಉಳಿದ ನಲವತ್ತು ಹಳೆಯ ಕಂಬಳಿಯಲ್ಲಿ ಸುತ್ತಿಕೊಂಡು ಅಟ್ಟದಲ್ಲೇ ಇದ್ದವು.

ಆರು ಜನರನ್ನೂ ಮನೆಗೆ ಕರೆದೆ. ನೀವು ನಮ್ಮ ಮನೆಯಲ್ಲಿ ಅಷ್ಟು ಗಲಾಟೆಯನ್ನು ಎಂದೂ ಕೇಳಿರಲಾರಿರಿ. ಯಾರಿಗೆ ಯಾವ ವಾಸನೆ ಇಷ್ಟ, ಹೂವಿನ ಹೆಸರೇ ಹೇಳಬೇಕೆಂದಿಲ್ಲ ಎಂದೆ. ಒಬ್ಬಳು ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆ ಎಂದಳು. ಒಬ್ಬಳು ಕಿತ್ತಳೆ ಸಿಪ್ಪೆಗೆ ಉಗುರು ಹಾಕಿದಾಗ ಹಾರುವ ವಾಸನೆ ಎಂದಳು. ಗಂಡನನ್ನು ಕಳೆದುಕೊಂಡ ಒಬ್ಬಳು, ಅವನು ಬಡಗಿಯಂತೆ, ಮರದ ಹೊಟ್ಟು ಎಂದು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚೂರಿಯಕ್ಕ ಕೊನೆಗೆ ಬಾಯಿ ಬಿಟ್ಟಳು. ಒಮ್ಮೆ ಯಾವುದೋ ದೊಡ್ಡ ಆಫೀಸಿನ ಕ್ಯಾಂಟೀನಿಗೆ ಮೀನಿನ ಬುಟ್ಟಿ ಹೊತ್ತು ಹೋಗಿದ್ದಳಂತೆ. ಲಿಫ್ಟಿನ ಬಾಗಿಲು ತೆರೆದು ನಾಲ್ಕು ಜನ ಹೆಂಗಸರು ಹೊರಗೆ ಬಂದರಂತೆ. “ಆ ಲಿಫ್ಟಿನ ವಾಸನೆ ಬೇಕು ನನಗೆ” ಎಂದಳು.

ಹನ್ನೆರಡು ದಿನ ಕೂತೆ. ಕಾಗದದ ಪಟ್ಟಿ ಅದ್ದುವುದು, ಮೂಸುವುದು, ನಡುವೆ ಮೂಗಿಗೆ ಬಿಡುವು ಕೊಡಲು ನನ್ನದೇ ತೋಳಿನ ಮಡಿಕೆಯನ್ನು ಮೂಸುವುದು, ಮತ್ತೆ ಅದ್ದುವುದು. ಕಾರ್ಖಾನೆಯಲ್ಲಿ ನನ್ನ ಮುಂದೆ ಮಾರಾಟದವರ ಪಟ್ಟಿ ಇರುತ್ತಿತ್ತು, ಈಗ ಆರು ಮುಖಗಳಿದ್ದವು. ಕಿತ್ತಳೆ ಮೊದಲು, ಮರ ಕೆಳಗೆ, ನಡುವೆ ಇಸ್ತ್ರಿಯ ಬಿಸಿ, ಎಲ್ಲದರ ಮೇಲೆ ಲಿಫ್ಟಿನಿಂದ ಇಳಿಯುವವರ ಸ್ವಲ್ಪ ಜಂಬ. ಹದಿಮೂರನೆಯ ದಿನ ಬೆಳಿಗ್ಗೆ ಪಟ್ಟಿ ಮೂಸಿದವಳಿಗೆ ಕಣ್ಣು ತುಂಬಿತು. ನನ್ನ ಜೀವಮಾನದಲ್ಲೇ ಇಷ್ಟು ಒಳ್ಳೆಯದನ್ನು ಮಾಡಿರಲಿಲ್ಲ. ಅದೇ ಗಳಿಗೆಯಲ್ಲಿ ಕೈಗಳು ತಾವಾಗಿ ಜೋಡಿಕೊಂಡವು. ಮುಲಾಮು ಹಚ್ಚಿಕೊಂಡು ಮಾಡಿದ ಯಾವ ಪ್ರಾರ್ಥನೆಯಲ್ಲೂ ದೇವರು ನನಗೆ ಅಷ್ಟು ಹತ್ತಿರ ಇದ್ದದ್ದಿಲ್ಲ.

ನಿನ್ನೆ ಬೆಳಿಗ್ಗೆ ಆರು ಜನ ಬಂದರು. ಗುರುಗಳು ಹಿಂದಿನ ಚಾಪೆಯಿಂದ ಎದ್ದು, ಚೂರಿಯಕ್ಕನನ್ನು ಎದುರುಗೊಂಡು, ನಡುಹಾದಿಯಲ್ಲಿ ತಾವೇ ಜೊತೆಗೆ ನಡೆದು ಬಂದು ಮೈಕಿನ ಮುಂದೆ ಕೂರಿಸಿದರು. ಹೆಡ್‌ಮಿಸ್ ಕರವಸ್ತ್ರ ಹಿಡಿದೇ ಕೂತಿದ್ದರು. ಒಂದು ನಿಮಿಷ, ಎರಡು ನಿಮಿಷ. ಅವರ ಕೈ ಮೂಗಿನವರೆಗೆ ಹೋಯಿತು, ಅಲ್ಲೇ ನಿಂತಿತು, ಕೆಳಗೆ ಇಳಿಯಿತು. ಆಮೇಲೆ ಅವರು ಸ್ವಲ್ಪ ಮುಂದಕ್ಕೆ ಬಾಗಿದರು. ಎರಡನೇ ಸಾಲಿನವರೂ ಬಾಗಿದರು. ಆಗ ಚೂರಿಯಕ್ಕ ಹಾಡು ಎತ್ತಿಕೊಂಡಳು. ಇನ್ನೇನು ಬರೆಯಲಿ. ಮುನ್ನೂರು ಜನ ಅವಳ ಹಿಂದೆ ಹೋದರು. ತಾಯಿ ಕಲಿಸಿದ ಹಾಡು ಬಂದಾಗ ಅವಳ ದನಿ ಒಂದು ಕ್ಷಣ ನಡುಗಿತು, ಹಿಂದಿನ ಐದು ಜನ ಅದನ್ನು ಹಿಡಿದುಕೊಂಡರು, ಅವಳು ಮತ್ತೆ ಎತ್ತಿದಳು. ದನಿ ಹೋದ ತಾತ ಮೂಲೆಯಲ್ಲಿ ಕೂತು ತುಟಿ ಆಡಿಸುತ್ತಾ ಅಳುತ್ತಿದ್ದ.

ಮುಗಿದ ಮೇಲೆ ಹೆಡ್‌ಮಿಸ್ ಬಂದು ಅವಳ ಕೈ ಹಿಡಿದುಕೊಂಡು, ಬಿಡದೆ, ಇದು ಯಾವ ಸೋಪು, ಎಲ್ಲಿ ಸಿಗುತ್ತದೆ ಎಂದು ಮೆಲ್ಲಗೆ ಕೇಳಿದರು. ಚೂರಿಯಕ್ಕ ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದಳು, “ಇದು ಎಲ್ರಿಗೂ ಸಿಗಲ್ಲ ಮಿಸ್. ಮೀನು ಸೀಳೋರಿಗೆ ಮಾತ್ರ.”

ನಾನು ಕಂಬದ ಹಿಂದೆ ಹೋಗಿ ನಕ್ಕೆ. ಪ್ರಾರ್ಥನಾ ಮಂದಿರದಲ್ಲಿ ನಾನು ನಕ್ಕದ್ದು ಅದೇ ಮೊದಲು.

ಈಗ ವಿಷಯಕ್ಕೆ ಬರುತ್ತೇನೆ. ಶೆಡ್ಡಿನಲ್ಲಿ ಒಟ್ಟು ಅರವತ್ತೆರಡು ಜನ ಹೆಂಗಸರಿದ್ದಾರೆ, ಈಗ ಎಲ್ಲರಿಗೂ ಸೋಪು ಬೇಕಂತೆ. ಪರಿಮಳ ನನಗೆ ಬಿಡಿ. ಆದರೆ ನಾನು ಕುದಿಸಿದ ಸೋಪು ಅಂಚಿನಲ್ಲಿ ಪುಡಿಪುಡಿಯಾಗುತ್ತಿದೆ, ಕೆಲವು ಬಿಲ್ಲೆ ಬೆವರುತ್ತವೆ. ಎಲ್ಲಿ ತಪ್ಪುತ್ತಿದ್ದೇನೋ ತಿಳಿಯುತ್ತಿಲ್ಲ. ನೀವಾದರೆ ಒಂದು ಚೂರನ್ನು ನಾಲಿಗೆಗೆ ತಾಗಿಸಿ ಹೇಳಿಬಿಡುತ್ತಿದ್ದಿರಿ. ಬೆಳಗಿನ ಪ್ರಾರ್ಥನೆ ನನ್ನದು, ಅದನ್ನು ಬಿಡುವುದಿಲ್ಲ, ಆ ಅರ್ಧ ಗಂಟೆ ನೀವು ಗುನುಗಬಾರದು. ಸಂಜೆಯ ರೇಡಿಯೋ ನಿಮ್ಮದು, ದನಿ ಎಷ್ಟು ಬೇಕೋ ಅಷ್ಟು. ಈರುಳ್ಳಿಯನ್ನು ನಾನೇ ಹುರಿಯುತ್ತೇನೆ. ಹಾಸಿಗೆ ಹಳೆಯ ಜಾಗಕ್ಕೆ ಬಂದಿದೆ, ಒಬ್ಬಳೇ ಎಳೆದು ತಂದೆ, ಸೊಂಟ ಹಿಡಿದುಕೊಂಡಿದೆ. ಇಷ್ಟು ವರ್ಷ ನಿಮ್ಮನ್ನು ಒಬ್ಬರನ್ನೇ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ, ತಪ್ಪು ಎಂದೇ ಬರೆಯುತ್ತೇನೆ.

ನಾದಿನಿಗೆ ನನ್ನ ನೆನಪು ಹೇಳಿ. ಮೂರು ವರ್ಷ ನಿಮ್ಮನ್ನು ಸಹಿಸಿಕೊಂಡಿದ್ದಕ್ಕೆ ಅವಳಿಗೆ ಎರಡು ಬಿಲ್ಲೆ ಸೋಪು ತೆಗೆದಿಟ್ಟಿದ್ದೇನೆ, ಮೀನು ಸೀಳದಿದ್ದರೂ.

ಬಾಗಿಲು ತೆರೆದಿಟ್ಟು ಕಾಯುತ್ತಿರುವ,
ನಿಮ್ಮ ಮೂಗಿನ ಮೇಡಂ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಧೈರ್ಯ ಸಾಲಲಿಲ್ಲ. ನಿಮ್ಮ ಅಮ್ಮನ ಬೆನ್ನಿನ ಹುಣ್ಣು ಕೀವಾಗಿದ್ದ ಕೊನೆಯ ತಿಂಗಳು ನಿಮಗೆ ನೆನಪಿರಬೇಕು. ನೀವು ಆ ಕೋಣೆಯಲ್ಲೇ ಕೂತು ಊಟ ಮಾಡುತ್ತಿದ್ದಿರಿ, ಅವರಿಗೆ ಹಾಡು ಹೇಳುತ್ತಿದ್ದಿರಿ. ನನಗೆ ಹೊಸಿಲು ದಾಟಲಾಗುತ್ತಿರಲಿಲ್ಲ. ಹಾಲು ಉಕ್ಕುತ್ತಿದೆ, ಯಾರೋ ಕರೆಯುತ್ತಿದ್ದಾರೆ ಎಂದು ಮೂರು ದಿನ ಏನೇನೋ ನೆಪ ಹೇಳಿ ಬಾಗಿಲಿನಿಂದಲೇ ತಿರುಗಿದೆ. ನಾಲ್ಕನೆಯ ದಿನ ನೀವು ಔಷಧಿ ಅಂಗಡಿಗೆ ಹೋಗಿದ್ದಾಗ ಅಮ್ಮ ನನ್ನನ್ನು ಕರೆದು, ದಿಂಬಿನ ಪಕ್ಕದ ಮುಲಾಮಿನ ಡಬ್ಬಿ ತೋರಿಸಿದರು. “ಇದನ್ನ ಮೂಗಿಗೆ ಹಚ್ಕೊಂಡು ಬಾ ಮಗಳೇ. ಅವನು ಕೇಳಿದ್ರೆ ದೇವರ ವ್ರತ ಅಂತ ಹೇಳು, ಬಾಯಿ ಮುಚ್ಕೊಂಡಿರ್ತಾನೆ” ಎಂದರು. ತಾವು ಕಣ್ಣು ಮುಚ್ಚುವವರೆಗೆ ಇದು ನಮ್ಮಿಬ್ಬರಲ್ಲೇ ಇರಲಿ, ಆಮೇಲೆ ಅವನಿಗೆ ಹೇಳಿ ಇಬ್ಬರೂ ನಕ್ಕುಬಿಡಿ ಎಂದೂ ಹೇಳಿದ್ದರು. ಅವರನ್ನು ಇಪ್ಪತ್ತಾರು ದಿನ ಈ ಕೈಯಲ್ಲೇ ತೊಳೆದೆ, ಅಷ್ಟು ನಿಜ. ಆದರೆ ಅವರು ಹೋದ ಮೇಲೆ ಎಲ್ಲರೂ ನನ್ನ ವ್ರತವನ್ನು ಹೊಗಳುತ್ತಿದ್ದರು, ನಿಜ ಹೇಳಲು ನಾಚಿಕೆಯಾಯಿತು, ಸುಳ್ಳನ್ನೇ ವ್ರತ ಮಾಡಿಕೊಂಡೆ. ಅಮ್ಮ ನಿಮಗೆ ಬಿಟ್ಟುಹೋದ ನಗುವನ್ನು ನಾಲ್ಕು ವರ್ಷ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಈಗ ಕಳಿಸುತ್ತಿದ್ದೇನೆ. ನಿಮ್ಮ ಪಾಲಿನದನ್ನು ಅಲ್ಲಿ ನಗಬೇಡಿ, ಇಲ್ಲಿಗೆ ಬಂದು ನಗಿ.